ನೆರೆ ಇಳಿದ ಮೇಲೆ ಬರುವ ಕಾಯಿಲೆ

ನಮ್ಮ ಕಲಬುರಗಿ ಕಡೆ ದಸರೆ ಸಮೀಪಿಸಿತೆಂದರೆ ಕೌದಿ, ಹಾಸಿಗೆ, ಪಾತ್ರೆ ಪಗಡ ಎಲ್ಲವೂ ಹೊರಗೆ ಬರುತ್ತವೆ. ಘಟ ಹಾಕುವುದರೊಳಗೆ ಮನೆ ತೊಳೆದಾಗಬೇಕು. 2025ರಲ್ಲಿ ಘಟಸ್ಥಾಪನೆ ಸೆಪ್ಟೆಂಬರ್ 22ಕ್ಕೆ, ವಿಜಯದಶಮಿ ಅಕ್ಟೋಬರ್ 2ಕ್ಕೆ ಬಂದವು. ಆ ದಿನಗಳಲ್ಲೇ ಮಹಾರಾಷ್ಟ್ರದ ಮಳೆಗೆ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ, ಚಿತ್ತಾಪುರ ತಾಲ್ಲೂಕುಗಳ ದಂಡೆಯ ಊರುಗಳಿಗೆ ನೀರು ನುಗ್ಗಿತು. 2020ರ ಅಕ್ಟೋಬರ್‌ನಲ್ಲೂ ದಸರೆಗೆ ಮುಂಚೆ ಇದೇ ಪಾಡಾಗಿತ್ತು.

ಹೊಳೆ ದೂರವಿದೆ, ನಗರದವರಿಗೇನು ಎಂದು ನೀವು ಕೇಳಬಹುದು. ನಗರದ ನಳಗಳಿಗೆ ಬರುವುದು ಭೀಮೆ ಮತ್ತು ಬೆಣ್ಣೆತೊರೆಯ ನೀರೇ. ನೀರು ರಾಡಿಯಾದಾಗ ಕ್ಲೋರಿನ್ ಆ ಕಸದಲ್ಲೇ ಖರ್ಚಾಗಿ, ರೋಗಾಣು ಕೊಲ್ಲಲು ಉಳಿಯುವುದು ಕಡಿಮೆ. ಆದ್ದರಿಂದ ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸಿರಿ. ನೀರು ಬಿಸಿಯಾದರೆ ಸಾಲದು, ಗುಳ್ಳೆಯೆದ್ದು ಕೊತಕೊತ ಕುದಿಯಬೇಕು. ಕಮಲಾಪುರದ ಕಡೆ ಇನ್ನೂ ಬಾವಿ ನೀರು ಕುಡಿಯುವವರು, ಹಳ್ಳದ ನೀರು ಹೊಕ್ಕ ಬಾವಿಯನ್ನು ಮೊದಲು ಪೂರ್ತಿ ಮೇಲೆತ್ತಿ ಹೂಳು ತೆಗೆಸಲಿ. ಆಮೇಲೆ ಬ್ಲೀಚಿಂಗ್ ಪುಡಿಯನ್ನು ಆರೋಗ್ಯ ಕಾರ್ಯಕರ್ತರು ಹೇಳಿದ ಪ್ರಮಾಣದಲ್ಲಿ ಹಾಕಿಸಲಿ. ವರ್ಷಗಟ್ಟಲೆ ಮುಚ್ಚಳ ತೆರೆದಿಟ್ಟ ಡಬ್ಬಿಯ ಪುಡಿಯಲ್ಲಿ ವಾಸನೆ ಇರಬಹುದು, ಶಕ್ತಿ ಇರುವುದಿಲ್ಲ.

ಕೌದಿ ಒಗೆಯಲು ಈ ದಿನಗಳಲ್ಲಿ ಹಳ್ಳಕ್ಕೆ ಇಳಿಯಬೇಡಿ. ಸೆಳವಿನ ಅಪಾಯ ಒಂದು ಕಡೆ. ಇನ್ನೊಂದು, ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಇಲಿಜ್ವರ. ಕಾಲಿನ ಚಿಕ್ಕ ಗಾಯವೇ ಅದಕ್ಕೆ ಬಾಗಿಲು. ಜ್ವರದೊಂದಿಗೆ ಮೀನಖಂಡದಲ್ಲಿ ವಿಪರೀತ ನೋವು, ಕೆಂಪು ಕಣ್ಣು ಕಂಡರೆ ವೈದ್ಯರಿಗೆ ‘ನೆರೆ ನೀರಿನಲ್ಲಿ ನಿಂತಿದ್ದೆ’ ಎಂದು ಹೇಳಿರಿ. ಕೇಳದೆ ಇದ್ದರೂ ಹೇಳಿರಿ. ಮೊದಲ ದಿನಗಳಲ್ಲೇ ಗುರುತಿಸಿದರೆ ಸಾಮಾನ್ಯ ಔಷಧಿಗಳಿಗೇ ಬಗ್ಗುವ ಕಾಯಿಲೆ ಇದು; ತಡವಾದರೆ ಮೂತ್ರಪಿಂಡ ಕೆಡುತ್ತದೆ.

ನನ್ನ ತಕರಾರು ಇರುವುದು ನಮ್ಮ ಅವಸರದ ಬಗ್ಗೆ. ನೀರು ಇಳಿಯಿತು, ರಸ್ತೆ ತೆರೆಯಿತು, ಬನ್ನಿ ಹಂಚಿಕೊಂಡೆವು, ಅಲ್ಲಿಗೆ ನೆರೆಯ ಕಥೆ ಮುಗಿಯಿತು ಎಂದುಕೊಳ್ಳುತ್ತೇವೆ. ಆರೋಗ್ಯ ಶಿಬಿರದ ಶಾಮಿಯಾನವೂ ಅಷ್ಟರಲ್ಲೇ ಬಿಚ್ಚಿರುತ್ತದೆ. ರೋಗಗಳಿಗೆ ನಮ್ಮ ಪಂಚಾಂಗ ಗೊತ್ತಿಲ್ಲ. ವಾಂತಿಭೇದಿ ಒಂದೆರಡು ದಿನದಲ್ಲೇ ಬರುತ್ತದೆ. ಇಲಿಜ್ವರಕ್ಕೆ ಸಾಮಾನ್ಯವಾಗಿ ಒಂದೆರಡು ವಾರ, ವಿಷಮಶೀತ ಜ್ವರಕ್ಕೆ ಒಂದರಿಂದ ಮೂರು ವಾರ ಬೇಕು. ಕಲುಷಿತ ನೀರಿನ ಕಾಮಾಲೆಗಂತೂ ಸುಮಾರು ನಾಲ್ಕು ವಾರ. ದಸರೆಗೆ ಕುಡಿದ ನೀರು ದೀಪಾವಳಿಯ ಹೊತ್ತಿಗೆ ಕಣ್ಣು ಹಳದಿ ಮಾಡುತ್ತದೆ. ಆಗ ಯಾರಿಗೂ ನೆರೆಯ ನೆನಪಿರುವುದಿಲ್ಲ. ನಳದ ನೀರಿನ ಕ್ಲೋರಿನ್ ಪರೀಕ್ಷೆ, ಮನೆಮನೆಯ ಭೇಟಿ ದೀಪಾವಳಿ ದಾಟುವವರೆಗೆ ನಡೆಯಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮಗುವಿಗೆ ಭೇದಿಯಾದರೆ ನೀರು ನಿಲ್ಲಿಸುವ ಅಜ್ಜಿಯರು ಇಂದಿಗೂ ಇದ್ದಾರೆ. ದಯವಿಟ್ಟು ನಿಲ್ಲಿಸಬೇಡಿ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿರಿ. ಎದೆಹಾಲು ಮುಂದುವರಿಯಲಿ.

ಹಬ್ಬಕ್ಕೆ ತವರಿಗೆ ಬಂದ ಬಸುರಿ ಮಗಳ ವಿಷಯದಲ್ಲಿ ಮಾತ್ರ ಎರಡು ಪಟ್ಟು ಎಚ್ಚರವಿರಲಿ. ‘ಈ’ ಬಗೆಯ ಕಾಮಾಲೆ ಉಳಿದವರಲ್ಲಿ ಹೆಚ್ಚಾಗಿ ತಾನೇ ವಾಸಿಯಾದರೂ, ಏಳು ತಿಂಗಳು ದಾಟಿದ ಬಸುರಿಯ ಪ್ರಾಣಕ್ಕೇ ಎರವಾಗಬಹುದು. ಅವಳಿಗೆ ಕುದಿಸಿದ ನೀರನ್ನೇ ಕೊಡಿ. ಕಣ್ಣು ಹಳದಿ ಕಂಡರೆ ಬೇರು, ಸೊಪ್ಪಿನ ಔಷಧಿ ಹುಡುಕದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.