ಎಚ್ಚರಿಕೆಯ ಗಂಟೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ – ಕಲಬುರಗಿ ಜಿಲ್ಲೆಯ ಈ ಭಾಗವು ಸುಣ್ಣದ ಕಲ್ಲಿನ ನಾಡು. ಸಿಮೆಂಟು ಕಾರ್ಖಾನೆಗಳಿಗಾಗಿ ಇಲ್ಲಿಯ ಗಣಿಗಳಲ್ಲಿ ಸಿಡಿಮದ್ದಿನಿಂದ ಕಲ್ಲನ್ನು ಒಡೆಯುತ್ತಾರೆ. ಮದ್ದು ಸಿಡಿಸುವ ಮೊದಲು ಸೈರನ್ ಕೂಗುತ್ತದೆ. ಆ ಕೂಗು ಕಿವಿಗೆ ಬಿದ್ದೊಡನೆ ಕೆಲಸಗಾರನು ಹಿಡಿದ ಕೆಲಸವನ್ನು ಅಲ್ಲಿಯೇ ಬಿಟ್ಟು ಮರೆಗೆ ಸರಿಯುತ್ತಾನೆ. ಇದು ನಿಜವಾದ ಕೂಗೋ, ಪರೀಕ್ಷೆಯ ಕೂಗೋ ಎಂದು ಅಲ್ಲಿ ಯಾರೂ ಚರ್ಚೆಗೆ ನಿಲ್ಲುವುದಿಲ್ಲ.

ಕೆಲವು ವರ್ಷಗಳ ಹಿಂದೆ ದೊಡ್ಡದೊಂದು ವಿಮಾನ ನಿಲ್ದಾಣದಲ್ಲಿ ಕಾಯುತ್ತ ಕುಳಿತಿದ್ದೆ. ಇದ್ದಕ್ಕಿದ್ದಂತೆ ಬೆಂಕಿಯ ಎಚ್ಚರಿಕೆ ಗಂಟೆ ಬಾರಿಸತೊಡಗಿತು. ನೂರಾರು ಜನ ತಲೆಯೆತ್ತಿ ಚಾವಣಿಯನ್ನು ನೋಡಿದರು. ಬಳಿಕ ಒಬ್ಬರ ಮುಖವನ್ನೊಬ್ಬರು ನೋಡಿದರು. ಬಳಿಕ ಕೈಯಲ್ಲಿದ್ದ ಮೊಬೈಲನ್ನು ನೋಡಿದರು. ನಾನೂ ಅವರಲ್ಲಿ ಒಬ್ಬ. ನನ್ನ ಪಕ್ಕದಲ್ಲಿದ್ದ ವೃದ್ಧರೊಬ್ಬರು ಮಾತ್ರ ಎದ್ದು ನಿಂತರು. ಸೇಡಂ ಕಡೆಯವರು, ಬಹುಕಾಲ ಗಣಿಯಲ್ಲಿ ದುಡಿದವರೆಂದು ಆಮೇಲೆ ತಿಳಿಯಿತು. "ಗಂಟಿ ಹೊಡಿಲತ್ತದ, ಏಳ್ರಿ ಸರ. ಹೊರಗ ಹೋಗಮು ನಡೀರಿ" ಎಂದರು. ಸುತ್ತಲಿದ್ದವರು ನಕ್ಕರು. ಸ್ವಲ್ಪ ಹೊತ್ತಿಗೆ ಗಂಟೆ ನಿಂತಿತು; ಬೆಂಕಿ ಎಲ್ಲಿಯೂ ಇರಲಿಲ್ಲ. ಆದರೂ ಅಲ್ಲಿ ಸರಿಯಾಗಿ ನಡೆದುಕೊಂಡವರು ಅವರೊಬ್ಬರೇ ಎಂಬುದು ನನ್ನ ಅಭಿಪ್ರಾಯ.

ವಿಮಾನ ನಿಲ್ದಾಣದಲ್ಲಿ ಅಂಗಡಿ, ಅಡುಗೆಮನೆ, ಸಾಮಾನು ಸಾಗಿಸುವ ಪಟ್ಟಿಗಳು, ಮೈಲಿಗಟ್ಟಲೆ ವಿದ್ಯುತ್ ತಂತಿ, ಸಾವಿರಾರು ಜನ – ಎಲ್ಲವೂ ಒಂದೇ ಚಾವಣಿಯ ಕೆಳಗಿರುತ್ತವೆ. ಬೆಂಕಿಯು ಮನುಷ್ಯರ ಕಣ್ಣಿಗೆ ಬೀಳುವ ಮೊದಲೇ ಅದನ್ನು ಕಂಡುಹಿಡಿಯಬೇಕು. ಅದಕ್ಕಾಗಿ ಅಲ್ಲಲ್ಲಿ ಹೊಗೆಸೂಚಕಗಳನ್ನು ಅಳವಡಿಸುತ್ತಾರೆ. ಸಾಮಾನ್ಯವಾದ ಸೂಚಕದೊಳಗೆ ಸಣ್ಣದೊಂದು ಬೆಳಕಿನ ಕಿರಣವಿರುತ್ತದೆ. ಹೊಗೆಯ ಕಣಗಳು ಒಳಹೊಕ್ಕರೆ ಬೆಳಕು ಚದುರಿ, ಪಕ್ಕದಲ್ಲಿರುವ ವಿದ್ಯುತ್ ಕಣ್ಣಿನ ಮೇಲೆ ಬೀಳುತ್ತದೆ. ಒಡನೆ ನಿಯಂತ್ರಣ ಕೊಠಡಿಗೆ ಸುದ್ದಿ ಮುಟ್ಟುತ್ತದೆ. ಆದರೆ ಎತ್ತರದ ಚಾವಣಿಯಲ್ಲಿ ಒಂದು ತೊಡಕುಂಟು. ನಮ್ಮ ಕಡೆಯ ಬೇಸಗೆಯಲ್ಲಂತೂ ಚಾವಣಿಯ ಕೆಳಗೆ ಕಾದ ಗಾಳಿಯ ಪದರವೊಂದು ನಿಂತುಬಿಡುತ್ತದೆ. ಮೇಲೇರುತ್ತ ತಣ್ಣಗಾದ ಹೊಗೆಯು ಆ ಪದರವನ್ನು ಭೇದಿಸಲಾರದೆ ನಡುವೆಯೇ ಹರಡಿಕೊಳ್ಳುತ್ತದೆ. ಮೇಲಿರುವ ಸೂಚಕಕ್ಕೆ ಅದು ತಿಳಿಯುವುದೇ ಇಲ್ಲ. ಆದುದರಿಂದಲೇ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಕಿರಣ ಹಾಯಿಸುವ ಸೂಚಕಗಳನ್ನೂ ಕೊಳವೆಗಳ ಮೂಲಕ ಗಾಳಿಯನ್ನು ಹೀರಿ ಪರೀಕ್ಷಿಸುವ ಯಂತ್ರಗಳನ್ನೂ ಬಳಸುತ್ತಾರೆ.

ಈ ವಿದ್ಯುತ್ ಕಣ್ಣಿಗೆ ಹೊಗೆಗೂ ಧೂಳಿಗೂ ಇರುವ ಭೇದ ಸುಲಭವಾಗಿ ತಿಳಿಯದು. ಧೂಳು ಎಂದರೇನೆಂಬುದನ್ನು ವಾಡಿ, ಶಹಾಬಾದ್‌ಗಳ ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ. ಕಲಬುರಗಿಯಿಂದ ಸೇಡಂಗೆ ಹೋಗುವ ಹಾದಿಯಲ್ಲಿ, ಶ್ರೀನಿವಾಸ ಸರಡಗಿಯ ಬಳಿ, 2019ರ ನವೆಂಬರ್ 22ರಂದು ಉದ್ಘಾಟನೆಯಾದ ವಿಮಾನ ನಿಲ್ದಾಣವಿದೆ. ಇಂತಹ ಒಣ ನಾಡಿನ ನಿಲ್ದಾಣಗಳಲ್ಲಿ ಹೊಸ ಸೂಚಕವನ್ನು ಕೊಳ್ಳುವುದಕ್ಕಿಂತ ಇದ್ದುದನ್ನು ಕಾಲಕಾಲಕ್ಕೆ ಒರೆಸಿಡುವುದು ದೊಡ್ಡ ಕೆಲಸ. ಧೂಳಿಗೆ ಗಂಟೆ ಬಾರಿಸಿದರೆ ಮೊದಲ ದಿನ ಸಿಬ್ಬಂದಿ ಓಡಿ ಬರುತ್ತಾರೆ, ಹತ್ತನೆಯ ದಿನ ಗುಂಡಿಯೊತ್ತಿ ಸುಮ್ಮನಾಗಿಸುತ್ತಾರೆ. "ಹುಲಿ ಬಂತು ಹುಲಿ" ಎಂದು ಕೂಗಿದ ದನಗಾಹಿ ಹುಡುಗನ ಕಥೆ ನಿಮಗೆಲ್ಲ ಗೊತ್ತು. ನಾವು ಆ ಹುಡುಗನನ್ನು ಮಾತ್ರ ದೂರುತ್ತೇವೆ. ಕೊನೆಯ ಸಲ ಹೋಗದೆ ಉಳಿದ ಊರವರನ್ನು ಯಾರೂ ಪ್ರಶ್ನಿಸುವುದಿಲ್ಲ.

1996ರ ಏಪ್ರಿಲ್ 11ರಂದು ಜರ್ಮನಿಯ ಡ್ಯುಸೆಲ್‌ಡಾರ್ಫ್ ವಿಮಾನ ನಿಲ್ದಾಣದಲ್ಲಿ, ಮೇಲಿನ ರಸ್ತೆಯಲ್ಲಿ ನಡೆಯುತ್ತಿದ್ದ ಬೆಸುಗೆಯ ಕೆಲಸದಿಂದ ಕೆಳಗಿನ ಚಾವಣಿಯೊಳಗಿದ್ದ ಪಾಲಿಸ್ಟೈರೀನ್ ಹೊದಿಕೆಗೆ ಬೆಂಕಿ ಹತ್ತಿತು. 17 ಜನರು ಸತ್ತರು. ಅವರಲ್ಲಿ ಕೆಲವರು ಲಿಫ್ಟಿನಲ್ಲಿದ್ದವರು. ಬಾಗಿಲು ತೆರೆದುಕೊಂಡದ್ದು ಹೊಗೆ ತುಂಬಿದ ಅಂತಸ್ತಿನಲ್ಲಿ. ಅದೇ ದೇಶದ ಬರ್ಲಿನ್ನಿನಲ್ಲಿ ಹೊಸ ವಿಮಾನ ನಿಲ್ದಾಣವು 2012ರ ಜೂನ್‌ನಲ್ಲಿ ತೆರೆಯಬೇಕಾಗಿತ್ತು. ಬೆಂಕಿಯ ಎಚ್ಚರಿಕೆ ಮತ್ತು ಹೊಗೆ ಹೊರದೂಡುವ ವ್ಯವಸ್ಥೆಗಳು ಪರೀಕ್ಷೆಯಲ್ಲಿ ಗೆಲ್ಲಲಿಲ್ಲವಾಗಿ ಕೆಲವೇ ವಾರಗಳ ಮುಂಚೆ ಸಮಾರಂಭವನ್ನು ಕೈಬಿಟ್ಟರು. ಬೇರೆ ದೋಷಗಳೂ ಹೊರಬಿದ್ದು, ಅದು ತೆರೆದದ್ದು 2020ರ ಅಕ್ಟೋಬರ್ 31ರಂದು. ಲೋಕವೆಲ್ಲ ನಕ್ಕಿತು. ಹಣ ಪೋಲಾದುದು ನಿಜ. ಆದರೆ ಬಾಗಿಲು ತೆರೆಯಲಾರೆವೆಂದು ಹೇಳಿದ ಆ ಒಂದು ನಿರ್ಧಾರವನ್ನು ನಾನು ನಗೆಗೀಡು ಮಾಡಲಾರೆ.

ಗಂಟೆಯು ಅಪಾಯವುಂಟೆಂದು ಹೇಳೀತು. ಯಾವ ಕಡೆ ಹೋಗಬೇಕೆಂದು ಹೇಳದು. ಅದನ್ನು ಮನುಷ್ಯನ ಧ್ವನಿಯೇ ಹೇಳಬೇಕು, ಕೇಳುವವನ ಭಾಷೆಯಲ್ಲಿ ಹೇಳಬೇಕು. ಚಿಂಚೋಳಿಯ ತಾಂಡಾದಿಂದ ಮೊದಲ ಬಾರಿಗೆ ವಿಮಾನವೇರಲು ಬಂದ ತಾಯಿಗೆ ಇಂಗ್ಲಿಷಿನ ಘೋಷಣೆಯೂ ಗಂಟೆಯ ಸದ್ದೂ ಒಂದೇ. ನಿಜವನ್ನು ತಿಳಿಸಿದರೆ ಜನ ಗಾಬರಿಗೊಂಡು ನುಗ್ಗುತ್ತಾರೆಂದು ವಾದಿಸುವವರುಂಟು. ನನಗೆ ಅದು ಒಪ್ಪಿಗೆಯಿಲ್ಲ. ತಡವಾಗಿ ತಿಳಿದಾಗಲೇ ನೂಕುನುಗ್ಗಲು ಹೆಚ್ಚು. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಹೊಗೆ ತುಂಬಿದಾಗ ಕೆಲವರು ಗಾಜು ಒಡೆದು ಮೇಲಿನಿಂದ ಜಿಗಿದರು. ಅಂದು 9 ಮಂದಿ ಪ್ರಾಣ ಕಳೆದುಕೊಂಡರು.

ವಿಮಾನ ನಿಲ್ದಾಣದಲ್ಲಿ ಇನ್ನೊಂದು ಇಕ್ಕಟ್ಟು ಇದೆ. ಭದ್ರತೆಯವರಿಗೆ ಬಾಗಿಲು ಮುಚ್ಚಿರಬೇಕು, ಅಗ್ನಿಶಾಮಕದವರಿಗೆ ತೆರೆದಿರಬೇಕು. ಗಂಟೆ ಬಾರಿಸಿದೊಡನೆ ಬೀಗ ತಾನಾಗಿ ಸಡಿಲಗೊಳ್ಳುವಂತೆ ಜೋಡಿಸುವುದು ಸಾಧ್ಯ. ಹಾಗೆ ಜೋಡಿಸಿದ್ದನ್ನು ಆಗಾಗ ಬಾರಿಸಿ, ತೆರೆದು ನೋಡುವುದೂ ಅಷ್ಟೇ ಅಗತ್ಯ. ಅಂದು ಆ ವೃದ್ಧರು ನಮ್ಮ ನಗುವನ್ನು ಲೆಕ್ಕಿಸದೆ ಹಸಿರು ದೀಪದ ಬಾಗಿಲವರೆಗೆ ನಡೆದು ಹೋಗಿ ಅದನ್ನು ತಳ್ಳಿದರು. ಅದು ತೆರೆಯಲಿಲ್ಲ. ಗಂಟೆ ನಿಲ್ಲುವವರೆಗೂ ಅಲ್ಲಿಯೇ ನಿಂತಿದ್ದು, ಆಮೇಲೆ ಸಮವಸ್ತ್ರದ ಹುಡುಗನೊಬ್ಬನನ್ನು ಕರೆದು ಕೇಳಿದರು: "ತಮ್ಮಾ, ಇದರ ಕೀಲಿ ಯಾರ ಬಲ್ಲಿ ಅದ?"