ಒಂದು ಕೀಲಿಗೆ ಮೂರು ಹೆಸರು

ನಿವೃತ್ತಿಯ ನಂತರ ಗಣಕಯಂತ್ರದಲ್ಲಿ ಕನ್ನಡ ಬರೆಯಲು ಕಲಿಯಹೊರಟವನು ನಾನು. ತಂತ್ರಾಂಶದ ಜೊತೆಗೆ ಕೈಪಿಡಿಯೂ ಬಂದಿತು. ಕ, ಗ, ಮ ಸಲೀಸಾಗಿ ಮೂಡಿದವು. ‘ಅಕ್ಕ’ ಎಂದು ಬರೆಯುವಾಗ ಬೆರಳು ನಿಂತಿತು. ಒತ್ತಕ್ಷರ ಮೂಡಿಸುವುದು ಹೇಗೆ?

ಕೈಪಿಡಿಯ ಒಂದು ಪುಟದಲ್ಲಿ ‘ಲಿಂಕ್ ಕೀ ಬಳಸಿ’ ಎಂದಿತ್ತು. ಮುಂದೊಂದು ಕಡೆ ‘ಹಲಂತ ಕೊಡಿ’. ಇನ್ನೂ ಮುಂದೆ ‘ವಿರಾಮ ಚಿಹ್ನೆ ಒತ್ತಿ’. ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ನನಗೆ ವಿರಾಮ ಚಿಹ್ನೆಯೆಂದರೆ ಪೂರ್ಣವಿರಾಮ, ಅಲ್ಪವಿರಾಮಗಳು. ಪೂರ್ಣವಿರಾಮವನ್ನೇ ಒತ್ತಿದೆ. ಪರದೆಯ ಮೇಲೆ ‘ಅಕ.ಕ’ ಎಂದು ಮೂಡಿತು! ಕೊನೆಗೆ ಪಕ್ಕದ ಮನೆಯ ಹುಡುಗಿ ಬಂದು, “ತಾತ, ಮೂರೂ ಒಂದೇ. ಎಫ್ ಒತ್ತಿ” ಎಂದಳು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಎ, ಕೆ, ಎಫ್, ಕೆ ಎಂಬ ನಾಲ್ಕು ಕೀಲಿಗಳನ್ನು ಒತ್ತಿದರೆ ‘ಅಕ್ಕ’ ಸಿದ್ಧ.

ಹೆಸರುಗಳು ಕಪೋಲಕಲ್ಪಿತವಲ್ಲ. ಯೂನಿಕೋಡ್ ಪಟ್ಟಿಯಲ್ಲಿ ಈ ಚಿಹ್ನೆಯ ಹೆಸರು ವಿರಾಮವೇ. 1991ರ ಭಾರತೀಯ ಮಾನಕವಾದ ಇಸ್ಕಿಯಲ್ಲಿ ಹಲಂತ. ದೋಷವಿರುವುದು ಪದಗಳಲ್ಲಲ್ಲ, ಒಂದನ್ನು ಆರಿಸಿಕೊಂಡು ಕಡೆಯವರೆಗೂ ಅದಕ್ಕೇ ಬದ್ಧರಾಗದಿರುವುದರಲ್ಲಿ.

“ಕೈಪಿಡಿ ಯಾರು ಓದ್ತಾರೆ ಸಾರ್? ಒತ್ತಿ ನೋಡ್ತಾ ನೋಡ್ತಾ ಕಲೀತಾರೆ” ಎಂದು ಇಂಜಿನಿಯರಾಗಿರುವ ನನ್ನ ಹಳೆಯ ಶಿಷ್ಯನೊಬ್ಬ ನಕ್ಕ. ಈ ವಾದವನ್ನು ನಾನು ಒಪ್ಪಲಾರೆ. ಒತ್ತಿ ನೋಡುವ ಧೈರ್ಯವುಳ್ಳವನಿಗೆ ಕೈಪಿಡಿಯೇ ಬೇಡ. ಅದು ಬೇಕಾಗಿರುವುದು ಅಂಜುವವನಿಗೆ. ಅವನು ತಡವರಿಸಿದಾಗ ತಪ್ಪು ಪುಸ್ತಕದ್ದೆಂದು ಭಾವಿಸುವುದಿಲ್ಲ, ತನ್ನದೇ ಎಂದುಕೊಳ್ಳುತ್ತಾನೆ. ನನ್ನ ಸಹೋದ್ಯೋಗಿಯೊಬ್ಬರು “ಈ ವಯಸ್ಸಿನಲ್ಲಿ ನನ್ನ ತಲೆಗೆ ಹತ್ತದು” ಎಂದು ಗಣಕವನ್ನು ಮುಚ್ಚಿಟ್ಟರು. ಅವರು ಜೀವಮಾನವಿಡೀ ಸಂಗ್ರಹಿಸಿದ ಗಾದೆಗಳು ಇಂದಿಗೂ ನೋಟುಪುಸ್ತಕದಲ್ಲೇ ಉಳಿದಿವೆ.

ಈ ಪಾಪದಲ್ಲಿ ನಮ್ಮ ಪಾಲೂ ಉಂಟು. ‘ಒಂದೇ ಪದವನ್ನು ಪದೇ ಪದೇ ಬಳಸಬೇಡ’ ಎಂದು ಕೆಂಪು ಶಾಯಿಯಲ್ಲಿ ಬರೆದವರು ನಾವೇ. ಪ್ರಬಂಧಕ್ಕೆ ಅದು ಸೊಬಗು, ಕೈಪಿಡಿಗೆ ವಿಷ. ಪಾಣಿನಿ ಮೊದಲು ಸಂಜ್ಞೆಯನ್ನು ವಿಧಿಸಿ, ಆಮೇಲೆ ಅದೇ ಹೆಸರಿನಿಂದ ಸೂತ್ರಗಳನ್ನು ಕಟ್ಟಿದ. ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮವನ್ನಿಟ್ಟುಕೊಂಡ: ನಿಯಮ, ಅದರ ವಿವರಣೆ, ಬಳಿಕ ಉದಾಹರಣೆ. ನನ್ನ ಕೈಪಿಡಿಯಲ್ಲಾದರೋ ಪರದೆಯ ಮೇಲಿನ ಪಟ್ಟಿ ಎಡದಿಂದ ಬಲಕ್ಕೆ ಹೇಗಿತ್ತೋ ಅಧ್ಯಾಯಗಳೂ ಹಾಗೆಯೇ ಇದ್ದವು. ಒತ್ತಕ್ಷರ ಬರುವ ಮೊದಲೇ ಮುದ್ರಣದ ಪಾಠ! ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂಬುದು ಬಿ.ಎಡ್. ತರಗತಿಯ ಮೊದಲ ಪಾಠಗಳಲ್ಲೊಂದು.

ತಂತ್ರಾಂಶ ರಚಿಸುವ ಮಕ್ಕಳಲ್ಲಿ ನನ್ನ ಕೋರಿಕೆ ಇಷ್ಟೇ. ಕೈಪಿಡಿಯನ್ನು ಹೊರತರುವ ಮುನ್ನ ಗಣಕವನ್ನೇ ಮುಟ್ಟದ ಹಿರಿಯರೊಬ್ಬರ ಮುಂದಿಟ್ಟು, ಏನೂ ಹೇಳಿಕೊಡದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರ ಬೆರಳು ನಿಂತ ಕಡೆಯಲ್ಲೆಲ್ಲ ನಿಮ್ಮ ಬರಹವನ್ನು ತಿದ್ದಿ. ಈ ಒಂದು ಪರೀಕ್ಷೆಯಲ್ಲಿ ಕೆಂಪು ಶಾಯಿ ಓದುಗನ ಕೈಯಲ್ಲಿರಲಿ.