ಮೊಟ್ಟೆಯ ಡಬ್ಬ ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು?



ನಮ್ಮ ಮಾದಾಪುರದಂಥ ಊರುಗಳಲ್ಲಿ ಮೊಟ್ಟೆ ಮನೆಗೆ ಬರುವುದು ಎರಡು ದಾರಿಯಿಂದ. ಒಂದು, ಅಂಗಡಿಯ ಮೂವತ್ತರ ಟ್ರೇಯಿಂದ, ಹಳೇ ಪೇಪರಿನಲ್ಲಿ ಸುತ್ತಿಸಿಕೊಂಡು. ಇನ್ನೊಂದು, ಹಿತ್ತಲ ಕೋಳಿಗೂಡಿನಿಂದ. ಈಚೆಗೆ ಮೂರನೆಯದೂ ಸೇರಿಕೊಂಡಿದೆ. ಮೈಸೂರಿಗೋ ಕುಶಾಲನಗರಕ್ಕೋ ಹೋದವರು ಆರೋ ಹತ್ತೋ ಮೊಟ್ಟೆಯ ಅಂದವಾದ ಡಬ್ಬ ಹಿಡಿದು ಬರುತ್ತಾರೆ. ಅದರ ತುಂಬ ಅಕ್ಷರ, ಗುರುತು, ಹಸಿರು ಹುಲ್ಲಿನ ಚಿತ್ರ. ಜೊತೆಗೆ ಒಂದು ಮಾತೂ ಬರುತ್ತದೆ: "ಡಬ್ಬದ ಮೊಟ್ಟೆ ತಾನೆ, ಶುದ್ಧವಾಗಿರುತ್ತೆ. ಮಗೂಗೆ ಹಾಲಿನಲ್ಲಿ ಹಸಿಯಾಗೇ ಕದಡಿ ಕೊಡಿ."

ಈ ಮಾತು ಸರಿಯೇ ಎಂದು ನೋಡೋಣ. ಅದಕ್ಕೆ ಮೊದಲು ಡಬ್ಬವನ್ನು ಓದಲು ಕಲಿಯಬೇಕು.

ಡಬ್ಬ ಓದುವ ಕ್ರಮ

ಮೊದಲು ತಾರೀಖು ಹುಡುಕಿ. ಪ್ಯಾಕ್ ಮಾಡಿದ ದಿನ ಒಂದು, ಎಂದಿನೊಳಗೆ ಬಳಸಬೇಕೆಂಬ ದಿನ ಇನ್ನೊಂದು. ಪ್ಯಾಕ್ ಮಾಡಿದ ದಿನವೇ ಕೋಳಿ ಇಟ್ಟ ದಿನ ಅಂತ ತಿಳಿಯಬೇಡಿ. ಮೊಟ್ಟೆ ಅದಕ್ಕಿಂತ ಹಳೆಯದಿರಬಹುದು. ಬಳಸುವ ಅವಧಿಯ ಲೆಕ್ಕವೂ ಮೊಟ್ಟೆಯನ್ನು ಡಬ್ಬದಲ್ಲಿ ಹೇಳಿದಂತೆ ಇಟ್ಟಿದ್ದರೆ ಮಾತ್ರ. "ತಂಪಿನಲ್ಲಿಡಿ" ಎಂದು ಬರೆದ ಡಬ್ಬ ಅಂಗಡಿಯ ಬಿಸಿಲಿನಲ್ಲಿ ಕೂತಿದ್ದರೆ ಆ ತಾರೀಖಿಗೆ ಬೆಲೆಯಿಲ್ಲ.

ಆಮೇಲೆ ಎಫ್‌ಎಸ್‌ಎಸ್‌ಎಐ ಎಂಬ ಗುರುತು, ಅದರ ಕೆಳಗೆ 14 ಅಂಕಿಯ ಲೈಸೆನ್ಸ್ ನಂಬರು. ಇದು ಆಹಾರ ಸುರಕ್ಷತೆಯ ಸರ್ಕಾರಿ ಪ್ರಾಧಿಕಾರದ್ದು. ಪ್ಯಾಕ್ ಮಾಡಿದವರು ಯಾರು, ದೂರು ಹೇಳಬೇಕಾದರೆ ಯಾರ ಮೇಲೆ ಹೇಳಬೇಕು ಎಂಬುದಕ್ಕೆ ಇದು ವಿಳಾಸವಿದ್ದ ಹಾಗೆ. ಒಳಗಿನ ಒಂದೊಂದು ಮೊಟ್ಟೆಯನ್ನೂ ಪರೀಕ್ಷೆ ಮಾಡಿದೆ ಎಂದು ಇದರ ಅರ್ಥವಲ್ಲ.

ಇನ್ನು ತೂಕ. ಅಗ್‌ಮಾರ್ಕ್ ಲೆಕ್ಕದಲ್ಲಿ 60 ಗ್ರಾಂ ಮೇಲ್ಪಟ್ಟದ್ದು ಅತಿ ದೊಡ್ಡದು, 53ರಿಂದ 59 ಗ್ರಾಂ ದೊಡ್ಡದು, 45ರಿಂದ 52 ಮಧ್ಯಮ, 38ರಿಂದ 44 ಸಣ್ಣದು. ನಾವು ಮೊಟ್ಟೆ ಕೊಳ್ಳುವುದು ಎಣಿಸಿ, ತೂಗಿ ಅಲ್ಲ. 53 ಗ್ರಾಮಿನ ಮೂವತ್ತು ಮೊಟ್ಟೆ ಒಂದೂವರೆ ಕಿಲೋ ದಾಟುತ್ತದೆ. 38 ಗ್ರಾಮಿನ ಮೂವತ್ತು ಒಂದು ಕಿಲೋ ನೂರನಲವತ್ತು ಗ್ರಾಂ ಅಷ್ಟೆ. ಒಂದೇ ಬೆಲೆ ಕೊಟ್ಟು ಸಣ್ಣದನ್ನು ತಂದರೆ ನಷ್ಟ ಯಾರಿಗೆ ಅಂತ ನೀವೇ ಲೆಕ್ಕ ಹಾಕಿ.

ಕಂದು ಮೊಟ್ಟೆ ಹೆಚ್ಚು ಪುಷ್ಟಿ ಎಂಬ ನಂಬಿಕೆಯೂ ನಮ್ಮಲ್ಲಿದೆ. ಚಿಪ್ಪಿನ ಬಣ್ಣ ಕೋಳಿಯ ಜಾತಿಯಿಂದ ಬರುವುದು. ಒಳಗಿನ ಹಳದಿ ಗಾಢವಾಗಿದ್ದರೆ ಅದು ಮೇವಿನ ಗುಣ. ಸೊಪ್ಪು, ಹುಲ್ಲು, ಜೋಳ ತಿಂದ ಕೋಳಿಯ ಮೊಟ್ಟೆ ಕೇಸರಿಗೆ ತಿರುಗುತ್ತದೆ. ಕಾಫಿ ತೋಟದಲ್ಲಿ ಕೆದಕಿ ಮೇಯುವ ನಾಟಿ ಕೋಳಿಯದು ರುಚಿಯೇ ಬೇರೆ, ಒಪ್ಪುತ್ತೇನೆ. ಆದರೆ ರುಚಿ ಬೇರೆ, ರೋಗಾಣು ಇಲ್ಲದಿರುವುದು ಬೇರೆ. ನಾಟಿ ಕೋಳಿಯೂ ತಿಪ್ಪೆ ಕೆದಕಿಯೇ ಬರುತ್ತದಲ್ಲ!

ಚೀಟಿಯಿಲ್ಲದ ಮೊಟ್ಟೆಗೆ

ಟ್ರೇಯ ಮೊಟ್ಟೆಗೆ ಡಬ್ಬವೂ ಇಲ್ಲ, ತಾರೀಖೂ ಇಲ್ಲ. ಅಂಗಡಿಗೆ ಲೋಡು ಬರುವ ದಿನ ಯಾವುದೆಂದು ಕೇಳಿಟ್ಟುಕೊಂಡು ಆ ದಿನವೋ ಮರುದಿನವೋ ತನ್ನಿ. ಬಿರುಕು ಬಿಟ್ಟದ್ದು, ಹಿಕ್ಕೆ ಮೆತ್ತಿದ್ದು ಅರ್ಧ ಬೆಲೆಗೆ ಕೊಟ್ಟರೂ ಬೇಡ. ಮನೆಗೆ ತಂದ ಕೂಡಲೇ ಚಿಪ್ಪಿನ ಮೇಲೆ ಪೆನ್ಸಿಲಿನಿಂದ ತಾರೀಖು ಬರೆಯಿರಿ. ಹಿತ್ತಲ ಮೊಟ್ಟೆಗೂ ಹಾಗೆಯೇ. ನಮ್ಮ ಮನೆಯ ಲೇಬಲ್ ನಾವೇ ಬರೆದುಕೊಂಡ ಹಾಗಾಯಿತು.

ನೀರಿನಲ್ಲಿ ಮುಳುಗಿಸಿ ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಹೊಸದು ತಳದಲ್ಲಿ ಮಲಗುತ್ತದೆ, ಹಳೆಯದು ನೆಟ್ಟಗೆ ನಿಲ್ಲುತ್ತದೆ, ತೀರಾ ಹಳೆಯದು ತೇಲುತ್ತದೆ. ದಿನ ಹೋದ ಹಾಗೆ ಒಳಗಿನ ನೀರಿನಂಶ ಆರಿ, ದಪ್ಪ ತುದಿಯ ಗಾಳಿಗೂಡು ಹಿಗ್ಗುವುದೇ ಕಾರಣ. ಈ ಪರೀಕ್ಷೆ ವಯಸ್ಸನ್ನು ಹೇಳುತ್ತದೆ, ರೋಗಾಣುವಿನ ಸುದ್ದಿ ಹೇಳುವುದಿಲ್ಲ. ಪರೀಕ್ಷೆ ಮಾಡಿದ ಮೊಟ್ಟೆ ನೆಂದಿರುತ್ತದೆ, ಅದನ್ನು ಅಂದೇ ಬಳಸಿಬಿಡಿ.

ಇಡುವ ಬಗೆ

ಮೊಟ್ಟೆಯನ್ನು ತೊಳೆದು ಇಡಬೇಡಿ. ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಕೋಳಿ ಇಡುವಾಗಲೇ ಅವುಗಳ ಮೇಲೆ ತೆಳುವಾದ ಒಂದು ಲೇಪ ಬಂದಿರುತ್ತದೆ. ತೊಳೆದರೆ ಅದು ಹೋಗುತ್ತದೆ, ತಣ್ಣೀರಿನ ಜೊತೆ ಹೊರಗಿನ ಕೊಳೆ ಒಳಕ್ಕೆ ಇಳಿಯುತ್ತದೆ. ಮಣ್ಣು ಹತ್ತಿದ್ದರೆ ಒಣಬಟ್ಟೆಯಿಂದ ಒರೆಸಿ, ಅದನ್ನೇ ಮೊದಲು ಖರ್ಚು ಮಾಡಿ.

ಫ್ರಿಜ್ ಇದ್ದವರು ಬಾಗಿಲಿನ ಗುಳಿಗಳಲ್ಲಿ ಇಡದೆ ಒಳಗಿನ ತಟ್ಟೆಯ ಮೇಲೆ ಇಡಿ. ಬಾಗಿಲು ತೆಗೆದಾಗಲೆಲ್ಲ ಬಿಸಿ ಗಾಳಿ ತಾಗುವುದು ಅಲ್ಲೇ. ಚೂಪು ತುದಿ ಕೆಳಗೆ ಬರಲಿ. ಹೀಗೆ ಇಟ್ಟ ತಾಜಾ ಮೊಟ್ಟೆ ಮೂರು ವಾರ ಧಾರಾಳವಾಗಿ ಇರುತ್ತದೆ. ಫ್ರಿಜ್ ಇಲ್ಲದವರು ಒಲೆಯಿಂದ ದೂರ, ತಂಪಾದ ಒಣ ಮೂಲೆಯಲ್ಲಿಟ್ಟು ವಾರದೊಳಗೆ ಮುಗಿಸುವುದು ಮೇಲು.

ನಮ್ಮ ಕೊಡಗಿನ ಮಳೆಗಾಲದ್ದು ಬೇರೆಯೇ ಕಥೆ. ಫ್ರಿಜ್ಜಿನಿಂದ ತೆಗೆದ ಮೊಟ್ಟೆ ತೇವದ ಗಾಳಿಗೆ ಬೆವರುತ್ತದೆ, ಆ ಬೆವರಿನಲ್ಲಿ ರೋಗಾಣು ಸುಲಭವಾಗಿ ಒಳನುಗ್ಗುತ್ತದೆ. ಬೇಕಾದಷ್ಟೇ ಹೊರಗೆ ತೆಗೆಯಿರಿ, ತೆಗೆದದ್ದನ್ನು ಮತ್ತೆ ಒಳಗಿಡಬೇಡಿ. ಕರೆಂಟ್ ಹೋದಾಗ ಬಾಗಿಲು ತೆಗೆಯದೆ ಬಿಟ್ಟರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿರುತ್ತದೆ. ಆದರೆ 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ನಮ್ಮ ಕಡೆ ರಸ್ತೆ ಕಡಿದುಹೋದದ್ದನ್ನು ಯಾರು ಮರೆತಾರು? ಅಂಥ ಮಳೆಯ ದಿನಗಳಲ್ಲಿ ಟ್ರೇಗಟ್ಟಲೆ ತಂದು ಫ್ರಿಜ್ ತುಂಬುವುದಕ್ಕಿಂತ ಡಜನ್ನು ತಂದು ಹೊರಗೆ ತಂಪಿನಲ್ಲಿಟ್ಟು ಬೇಗ ಮುಗಿಸುವುದೇ ಜಾಣತನ.

ಹಸಿ ಮೊಟ್ಟೆಯ ಮಾತು

ಈಗ ಹಾಲಿನಲ್ಲಿ ಕದಡುವ ಮೊಟ್ಟೆಗೆ ಬರೋಣ. ಸಾಲ್ಮೊನೆಲ್ಲಾ ಎಂಬ ರೋಗಾಣು ಚಿಪ್ಪಿನ ಮೇಲೆ ಮಾತ್ರವಲ್ಲ, ಕೆಲವು ಸಲ ಕೋಳಿಯ ಹೊಟ್ಟೆಯಲ್ಲೇ ಮೊಟ್ಟೆಯ ಒಳಗೆ ಸೇರಿಕೊಂಡಿರುತ್ತದೆ. ಚಿಪ್ಪು ಚೊಕ್ಕಟವಾಗಿರುತ್ತದೆ, ವಾಸನೆಯೂ ಇರುವುದಿಲ್ಲ. ತಿಂದ ಆರು ಗಂಟೆಯಿಂದ ಆರು ದಿನದೊಳಗೆ ಜ್ವರ, ಹೊಟ್ಟೆನೋವು, ಭೇದಿ ಶುರುವಾಗಬಹುದು. ಗಟ್ಟಿಮುಟ್ಟಾದವರು ಸುಧಾರಿಸಿಕೊಂಡಾರು. ಎಳೆಮಗು, ಬಸುರಿ, ವಯಸ್ಸಾದವರು ನೀರಿನಂಶ ಕಳಕೊಂಡು ಆಸ್ಪತ್ರೆ ಸೇರುವಂತಾಗಬಹುದು. ಶಕ್ತಿ ಬರಲೆಂದು ನಾವು ಹಸಿ ಮೊಟ್ಟೆ ಕೊಡುವುದು ಇಂಥವರಿಗೇ ಅಲ್ಲವೇ?

ಇಂಗ್ಲೆಂಡಿನಲ್ಲಿ 1988ರ ಡಿಸೆಂಬರಿನಲ್ಲಿ ಅಲ್ಲಿಯ ಮಂತ್ರಿಣಿಯೊಬ್ಬರು ದೇಶದ ಬಹುಪಾಲು ಮೊಟ್ಟೆಯಲ್ಲಿ ಈ ರೋಗಾಣುವಿದೆ ಎಂದುಬಿಟ್ಟರು. ದೊಡ್ಡ ಗದ್ದಲವಾಗಿ ಮೊಟ್ಟೆ ವ್ಯಾಪಾರವೇ ಕುಸಿಯಿತು. 1998ರಲ್ಲಿ ಅಲ್ಲಿಯ ಸಾಕಣೆಯವರು ಕೋಳಿಗಳಿಗೆ ಲಸಿಕೆ ಹಾಕಿಸಿ, ಅಂಥ ಮೊಟ್ಟೆಗೆ ಸಿಂಹದ ಮುದ್ರೆ ಒತ್ತಲು ಆರಂಭಿಸಿದರು. ಸಿಂಹಮುದ್ರೆಯ ಮೊಟ್ಟೆಯನ್ನು ಮಕ್ಕಳು, ಬಸುರಿಯರು ಅರೆಬೆಂದದ್ದಾಗಿಯೂ ತಿನ್ನಬಹುದು ಎಂದು ಅಲ್ಲಿಯ ಸರ್ಕಾರ ಹೇಳಿದ್ದು 2017ರಲ್ಲಿ, ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ. ನಮ್ಮ ಡಬ್ಬಗಳ ಲೈಸೆನ್ಸ್ ನಂಬರಾಗಲಿ, ಹುಲ್ಲಿನ ಚಿತ್ರವಾಗಲಿ ಆ ಭರವಸೆ ಕೊಡುವುದಿಲ್ಲ.

ಇನ್ನೊಂದು ಸಂಗತಿ. ಹಸಿ ಮೊಟ್ಟೆಯ ಬಿಳಿಭಾಗ ಬೆಂದದ್ದರಷ್ಟು ಚೆನ್ನಾಗಿ ಜೀರ್ಣವಾಗುವುದಿಲ್ಲ. ಅಪಾಯವೂ ಹೆಚ್ಚು, ಮೈಗೆ ಹತ್ತುವುದೂ ಕಡಿಮೆ. ಮನೆಯ ಹಿರಿಯರು ಹಸಿಯದೇ ಆಗಬೇಕು ಅಂದರೆ ವಾದಕ್ಕೆ ನಿಲ್ಲಬೇಡಿ. "ಅತ್ತೆ, ಬೇಯಿಸಿದರೆ ಮಗೂಗೆ ಬೇಗ ಅರಗುತ್ತಂತೆ" ಎಂದು ಮೆತ್ತಗೆ ಹೇಳಿ ಬೇಯಿಸಿಯೇ ಕೊಡಿ. ಬುಲ್ಸ್‌ಐ ಮಾಡಿದರೂ ಮಕ್ಕಳಿಗೆ ಹಳದಿ ಗಟ್ಟಿಯಾಗುವವರೆಗೆ ಬೇಯಲಿ. ಹಸಿ ಮೊಟ್ಟೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಬೇರೆ ಪಾತ್ರೆ ಮುಟ್ಟಿ. ಬೇಯಿಸಿದ ಮೊಟ್ಟೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಫ್ರಿಜ್ಜಿನಲ್ಲಿ ಸಿಪ್ಪೆಯ ಸಮೇತ ಒಂದು ವಾರ ಇಡಬಹುದು.

ಮೊಟ್ಟೆ-ಕಾಳುಮೆಣಸಿನ ಹುರುಕಲು

ಆರು ಮೊಟ್ಟೆಯನ್ನು ಮುಳುಗುವಷ್ಟು ನೀರಿನಲ್ಲಿಟ್ಟು, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಿ. ತಣ್ಣೀರಿಗೆ ಹಾಕಿ, ಸುಲಿದು, ಎರಡು ಹೋಳು ಮಾಡಿ. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ ಸಾಸಿವೆ, ಕರಿಬೇವು, ಹೆಚ್ಚಿದ ಎರಡು ಈರುಳ್ಳಿ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ ಬಾಡಿಸಿ. ಚಿಟಿಕೆ ಅರಿಶಿನ, ಉಪ್ಪು, ಆಗಷ್ಟೇ ಕುಟ್ಟಿದ ಒಂದು ಚಮಚ ಕಾಳುಮೆಣಸು ಸೇರಿಸಿ, ಮೊಟ್ಟೆಯ ಹೋಳುಗಳನ್ನು ಮಗುಚಿ. ಇಳಿಸುವಾಗ ನಾಲ್ಕು ಹನಿ ಕಾಚಂಪುಳಿ. ಅದು ಸಿಗದ ಊರಿನವರು ನಿಂಬೆರಸ ಹಿಂಡಿ. ಅಕ್ಕಿ ರೊಟ್ಟಿಗೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ. ಮಕ್ಕಳ ಪಾಲಿಗೆ ಮೆಣಸು ಅರ್ಧ ಮಾಡಿ.